ಕಂಡಷ್ಟನ್ನೇ ಎಣಿಸುತ್ತಿದ್ದ ಮಾಮ

ಅವರ ಮೂಗಿನ ಎರಡೂ ಬದಿಗೆ ಕನ್ನಡಕ ಕೂತು ಕೂತು ಎರಡು ಗುಳಿ ಬಿದ್ದಿದ್ದವು. ಒಂದೊಂದರಲ್ಲಿ ಒಂದು ಹೆಸರುಕಾಳು ಇಟ್ಟರೂ ನಿಲ್ಲುವಷ್ಟು ಆಳ. ಆ ಗುಳಿಗಳು ನಮಗೆಲ್ಲ ಅಷ್ಟು ಚೆನ್ನಾಗಿ ಕಾಣುತ್ತಿದ್ದದ್ದು ಯಾಕೆಂದರೆ ಕನ್ನಡಕ ಅದರ ಜಾಗದಲ್ಲಿ ಇರುತ್ತಿದ್ದದ್ದೇ ಕಡಿಮೆ. ಏನನ್ನಾದರೂ ನಿಜವಾಗಿ ನೋಡಬೇಕು ಅನಿಸಿದಾಗ ಅವರು ಅದನ್ನು ಹಣೆಗೇರಿಸಿ, ಎರಡೂ ಕಣ್ಣನ್ನು ಮುಕ್ಕಾಲು ಮುಚ್ಚಿ, ರೆಪ್ಪೆಯ ಸಂದಿಯಿಂದ ನೋಡುತ್ತಿದ್ದರು. ಹಾಗೆ ನೋಡಿದರೆ ಸಣ್ಣಪುಟ್ಟದ್ದೆಲ್ಲ ಅಳಿಸಿಹೋಗಿ ಬೆಳಕೆಷ್ಟು, ನೆರಳೆಷ್ಟು ಎಂಬುದು ಮಾತ್ರ ಉಳಿಯುತ್ತದಂತೆ. ಕ್ಯಾಮೆರಾ ಏನು ನೋಡುತ್ತದೆಂದು ತಿಳಿಯಲು ಅದಕ್ಕಿಂತ ಅಗ್ಗದ ದಾರಿ ಇಲ್ಲ ಎನ್ನುತ್ತಿದ್ದರು. ಗೊತ್ತಿಲ್ಲದವರಿಗೆ ಮಾತ್ರ ಅದು ಅಸಹ್ಯಪಟ್ಟುಕೊಂಡ ಮುಖದಂತೆ ಕಾಣುತ್ತಿತ್ತು. ಒಂದು ಮದುವೆಯಲ್ಲಿ ವರನ ತಾಯಿಯನ್ನು ಹೀಗೆ ಅರೆಗಣ್ಣಿನಲ್ಲಿ ನೋಡಿದ್ದಕ್ಕೆ ಆಕೆ ಊಟ ಮುಗಿಯುವವರೆಗೂ ಮುಖ ಊದಿಸಿಕೊಂಡಿದ್ದರು.

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ನಮ್ಮ ಹೌಸಿಂಗ್ ಸೊಸೈಟಿಯ ಕೆಳಗಿನ ಸಾಲು ಅಂಗಡಿಗಳಲ್ಲಿ ಕೊನೆಯದು ಅವರ ಸ್ಟುಡಿಯೋ. ಒಂದು ಬದಿಗೆ ಇಸ್ತ್ರಿಯವನು, ಎದುರಿಗೆ ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಕೇಂದ್ರ. ಅಂಗಡಿಯ ಅಗಲ ಎಷ್ಟೆಂದರೆ ಇಬ್ಬರು ಎದುರುಬದುರು ಬಂದರೆ ಒಬ್ಬರು ಹೊರಗೆ ಹೋಗಿ ದಾರಿ ಬಿಡಬೇಕು. ಕಾರ್ಕಳದ ಹತ್ತಿರದವರು, ಹದಿನೆಂಟಕ್ಕೆ ಈ ಕಡೆ ಬಂದು, ಸ್ವಲ್ಪ ದಿನ ಸಂಬಂಧಿಕರ ಹೋಟೆಲಿನ ಗಲ್ಲೆಯಲ್ಲಿ ಕೂತು, ಅದು ಒಗ್ಗದೆ ಕಲ್ಯಾಣದ ಒಂದು ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವ ಕೆಲಸ ಕಲಿತವರು. ಮನೆ ಅಂಗಡಿಯ ಮೇಲೆಯೇ, ಎರಡನೇ ಮಹಡಿಯಲ್ಲಿ. ಮಾಮಿ ಚಹಾ ಆಯಿತೆಂದು ಬಾಲ್ಕನಿಯಿಂದ ತುಳುವಿನಲ್ಲಿ ಕೂಗಿದರೆ ಇಡೀ ಬಿಲ್ಡಿಂಗಿಗೆ ಅರ್ಥವಾಗುತ್ತಿತ್ತು. ನಮ್ಮದು ಗದಗಿನ ಕಡೆಯ ಮನೆತನ, ಅವರಿಗೂ ನಮಗೂ ಯಾವ ನೆಂಟತನವೂ ಇಲ್ಲ. ಆದರೂ ಬಿಲ್ಡಿಂಗಿನ ಮಕ್ಕಳಿಗೆಲ್ಲ ಅವರು ಸ್ಟುಡಿಯೋ ಮಾಮ. ನನಗೂ ಅಷ್ಟೇ, ಕೊನೆಯವರೆಗೂ.

ಅವರ ಬಗ್ಗೆ ಬರೆಯಲು ಇಷ್ಟು ದಿನ ಹಿಂದೆಮುಂದೆ ನೋಡಿದ್ದಕ್ಕೆ ಕಾರಣವಿದೆ. ಮಾಮನ ಕಣ್ಣು ಹೋಗುತ್ತಿದೆ ಎಂಬುದು ಮೊದಲು ಗೊತ್ತಾದದ್ದು ನನಗೆ. ಅದನ್ನು ಅವರಿಗೆ ಹೇಳದೆ ಮೂರು ತಿಂಗಳು ಸುಮ್ಮನಿದ್ದವಳೂ ನಾನೇ. ನನಗೆ ನೋಡುವುದನ್ನು ಕಲಿಸಿದವರ ವಿಷಯದಲ್ಲಿ ಹಾಗೆ ಮಾಡಿದೆ.

ನಾನು ಅವರ ಅಂಗಡಿಗೆ ಕಲಿಯಲೆಂದು ಹೋದವಳಲ್ಲ, ಅಳುತ್ತ ಹೋದವಳು. ಆಗ ನನಗೆ ಇಪ್ಪತ್ತೇಳು. ಠಾಣೆಯ ಆಫೀಸಿನ ಕೆಲಸ ಬಿಟ್ಟು ಮದುವೆ ಫೋಟೋ ತೆಗೆಯುತ್ತೇನೆಂದು ಹೊರಟಿದ್ದೆ. ಅಪ್ಪ ಮಾತು ಬಿಟ್ಟಿದ್ದರು. ಹೊಸ ಕ್ಯಾಮೆರಾ, ಹೊಸ ಹುರುಪು. ಮೊದಲ ದೊಡ್ಡ ಕೆಲಸ ಕಲ್ಯಾಣದಲ್ಲಿ, ನಮ್ಮ ಕಡೆಯವರದೇ ಮದುವೆ. ಮದುಮಗಳು ಎಣ್ಣೆಗಪ್ಪು ಬಣ್ಣದ ಚೆಂದದ ಹುಡುಗಿ. ಅವಳ ಅಜ್ಜಿ ತನ್ನ ಮದುವೆಯ ಕೆನೆಬಣ್ಣದ ರೇಷ್ಮೆ ಸೀರೆಯನ್ನು ಮೊಮ್ಮಗಳಿಗೆ ಉಡಿಸಿದ್ದರು. ಮೈತುಂಬ ಬೆಳ್ಳಿಜರಿಯ ಸಣ್ಣ ಬುಟ್ಟಾ, ಬಿಳಿಯ ಮೇಲೆ ಬಿಳಿ. ಹುಡುಗಿಯ ತಾಯಿ ನನ್ನನ್ನು ಮೂಲೆಗೆ ಕರೆದು, "ಮಾರಿ ಒಂಚೂರು ಬೆಳ್ಳಗ ಬರೂಹಂಗ ತಗೀವಾ" ಅಂದರು. ಇಲ್ಲಿ ಎಲ್ಲ ಮನೆಯಲ್ಲೂ ಕೇಳುವ ಮಾತು, ಭಾಷೆ ಬೇರೆ ಅಷ್ಟೇ. ನಾನೂ ಜಾಣೆಯಂತೆ ತಲೆಯಾಡಿಸಿ ಕ್ಯಾಮೆರಾಕ್ಕೆ ಬೆಳಕು ಏರಿಸಿದೆ. ಮುಖ ಬೆಳ್ಳಗಾಯಿತು. ಸೀರೆ ಸುಣ್ಣದ ಗೋಡೆಯಾಯಿತು. ಒಂದು ಬುಟ್ಟಾ ಉಳಿಯಲಿಲ್ಲ. ಆಲ್ಬಮ್ಮಿನ ಮೊದಲ ಪ್ರತಿಗಳನ್ನು ತೋರಿಸಿದಾಗ ಅಜ್ಜಿ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಿ, "ನನ್ನ ಸೀರಿ ಎಲ್ಲೈತಿ?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿಯೇ ಹುಡುಕುತ್ತ ಕೇಳಿದರು.

ಹೇಗಾದರೂ ಕಂಪ್ಯೂಟರಿನಲ್ಲಿ ಬುಟ್ಟಾಗಳನ್ನು ವಾಪಸು ತರಬಹುದೇ ಎಂದು ಕೇಳಲು ಮಾಮನ ಅಂಗಡಿಗೆ ಹೋದೆ. ಅವರು ಫೋಟೋ ದೊಡ್ಡದು ಮಾಡಿ ನೋಡಿದರು. ಕನ್ನಡಕ ಹಣೆಗೆ ಹೋಯಿತು.

"ಬಿಳಿ ಹೋದ್ರೆ ಹೋಯ್ತು ಮಾರಾಯ್ತಿ" ಅಂದರು. "ಕತ್ತಲೆಯಲ್ಲಿ ಬಿದ್ದದ್ದನ್ನು ಹೇಗಾದ್ರೂ ತಡಕಾಡಿ ತೆಗೀಬಹುದು. ಉಕ್ಕಿ ಹೋದದ್ದನ್ನು ಎಲ್ಲಿಂದ ತರುವುದು?"

ನನಗೆ ತಲೆಗೆ ಹೋಗಲಿಲ್ಲ. ಅವರು ಬೋರ್ಡಿನ ಮೇಲೆ ಬರೆದು ವಿವರಿಸುವ ಜಾತಿಯಲ್ಲ. ಮೇಲೆ ಮನೆಗೆ ಕರೆದುಕೊಂಡು ಹೋದರು. ಮುನ್ಸಿಪಾಲ್ಟಿ ನೀರು ಬರುವ ಹೊತ್ತು, ಬಚ್ಚಲಿನಲ್ಲಿ ಬಕೆಟ್ ತುಂಬುತ್ತಿತ್ತು. ಮಾಮಿ ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದರು. ಮಾಮ ಬಕೆಟ್ ತುಂಬಿ ಚೆಲ್ಲಲು ಬಿಟ್ಟು, "ಈಗ ಹೇಳು, ಎಷ್ಟು ಚೆಲ್ಲಿತು?" ಎಂದು ಕೇಳಿದರು. ಹೇಗೆ ಹೇಳಲಿ? ಬಕೆಟ್ ತುಂಬಿದೆ ಅಂತಷ್ಟೇ ಹೇಳಬಹುದು. ಕ್ಯಾಮೆರಾದ ಒಳಗೆ ಇಂಥ ಕೋಟಿಗಟ್ಟಲೆ ಪುಟ್ಟ ಬಕೆಟ್ಟುಗಳಿವೆ, ಬೆಳಕು ಬಿದ್ದಂತೆ ತುಂಬುತ್ತವೆ. ತುಂಬಿದ ಮೇಲೆ ಬಿದ್ದದ್ದು ಲೆಕ್ಕಕ್ಕೆ ಸಿಗುವುದಿಲ್ಲ, ಬುಟ್ಟಾವೂ ಸೀರೆಯೂ ಎರಡೂ 'ತುಂಬಿದೆ' ಎಂದೇ ಹೇಳುತ್ತವೆ ಅಂದರು. ಆಮೇಲೆ ಬಕೆಟ್ ಬರಿದು ಮಾಡಿ ತಳದಲ್ಲಿ ಒಂದು ಲೋಟದಷ್ಟು ಉಳಿಸಿ ತೋರಿಸಿದರು. ತಳದ ಮಣ್ಣು ಕದಡಿ ಇದು ನೀರೋ ಕೆಸರೋ ತಿಳಿಯುತ್ತಿರಲಿಲ್ಲ. "ಇದು ಕತ್ತಲೆ. ಇಲ್ಲಿ ಬೆಳಕು ಎಷ್ಟು, ಕೆಮರಾದ ಸ್ವಂತ ಕಸ ಎಷ್ಟು, ಗೊತ್ತಾಗುದಿಲ್ಲ. ಮೇಲಿನ ಅಂಚಿಗೂ ಈ ಕಸಕ್ಕೂ ನಡುವೆ ಎಷ್ಟು ಜಾಗ ಉಂಟಲ್ಲ, ಅದೇ ಡೈನಮಿಕ್ ರೇಂಜ್. ಅಷ್ಟೇ. ಇದಕ್ಕೆ ಇಂಗ್ಲಿಷಿನಲ್ಲಿ ಪುಸ್ತಕ ಬೇರೆ ಬರೀತಾರೆ." ಮಾಮಿ ಆ ನೀರು ವ್ಯರ್ಥವಾದದ್ದಕ್ಕೆ ತುಳುವಿನಲ್ಲಿ ಏನೋ ಅಂದರು. ನನಗೆ ತುಳು ಬಾರದಿದ್ದದ್ದು ಒಳ್ಳೆಯದೇ ಆಯಿತು.

ಮರುದಿನ ಅವರೇ ನನ್ನನ್ನು ಕಲ್ಯಾಣಕ್ಕೆ ಕರೆದುಕೊಂಡು ಹೋದರು. ತಪ್ಪು ನನ್ನದು ಎಂದು ನನ್ನ ಬಾಯಿಂದಲೇ ಹೇಳಿಸಿ, ಹುಡುಗಿಗೆ ಇನ್ನೊಮ್ಮೆ ಆ ಸೀರೆ ಉಡಿಸಲು ಅಜ್ಜಿಯನ್ನು ಒಪ್ಪಿಸಿದರು. ಟೆರೇಸಿನಲ್ಲಿ ನಿಲ್ಲಿಸಿ ಫೋಟೋ ತೆಗೆದೆವು. ಸೀರೆಯ ಬಿಳಿ ಉಕ್ಕದಷ್ಟೇ ಬೆಳಕು ಬಿಟ್ಟೆವು, ಮುಖವನ್ನು ಆಮೇಲೆ ಕಂಪ್ಯೂಟರಿನಲ್ಲಿ ನೆರಳಿನಿಂದ ಮೆಲ್ಲಗೆ ಎತ್ತಿದೆವು. ಮುಖ ಅವಳದೇ ಬಣ್ಣದಲ್ಲಿ ಬಂತು, ಕೆನ್ನೆಯ ಮೇಲಿನ ಅರಿಶಿನದ ಗೆರೆಯೂ ಬಂತು. ತಾಯಿಗೆ ಅಷ್ಟೇನೂ ಹಿಡಿಸಲಿಲ್ಲ. ಅಜ್ಜಿ ಮಾತ್ರ ಸೆರಗಿನ ಮೇಲೆ ಬೆರಳಿಟ್ಟು ಬುಟ್ಟಾಗಳನ್ನು ಎಣಿಸುತ್ತ ಕೂತರು. ಆವತ್ತು ವಾಪಸು ಬರುವ ಲೋಕಲಿನಲ್ಲಿ ನಾನೇ ಕೇಳಿದೆ, ನಾಳೆಯಿಂದ ಅಂಗಡಿಗೆ ಬರಲಾ ಎಂದು. "ಕೂತ್ಕೊಳ್ಲಿಕ್ಕೆ ಜಾಗ ಇಲ್ಲ, ನಿಂತ್ಕೊಳ್ಳುದಾದ್ರೆ ಬಾ" ಅಂದರು.

ನಿಂತುಕೊಂಡೇ ನಾಲ್ಕು ವರ್ಷ ಕಲಿತೆ. ನಡುವೆ ಮದುವೆ ಫೋಟೋ ತೆಗೆಯುವ ನನ್ನ ಕೆಲಸಗಳೂ ನಡೆದವು.

ಅವರ ಅಂಗಡಿಯ ಹೆಸರು ಡೊಂಬಿವಲಿ ದಾಟಿ ಹೋದದ್ದು ಒಂದು ಡಬ್ಬಿಯಿಂದ. ಬೇಕರಿಯ ಚೌಕ ತಗಡಿನ ಡಬ್ಬಿ. ಒಳಗೆ ಎಲ್‌ಇಡಿ ದೀಪ, ಅದರ ಮುಂದೆ ಹಾಲುಬಿಳಿ ಆ್ಯಕ್ರಿಲಿಕ್ ಹಾಳೆ, ಮುಂದಿನ ಮುಚ್ಚಳದಲ್ಲಿ ಏಳೇಳರಂತೆ ಎರಡು ಸಾಲು ಕಿಂಡಿ. ಅವರ ಊರಿನಲ್ಲಿ ಆಷಾಢದ ಆಟಿ ತಿಂಗಳ ಮಳೆಗೆ ಮಂಜೊಟ್ಟಿ ಕಾಯಿ ಹಾಕಿ ಆಡುವ ಚೆನ್ನೆಮಣೆಯಲ್ಲೂ ಹದಿನಾಲ್ಕೇ ಗುಳಿ. ಅದಕ್ಕೇ ಅವರು ಡಬ್ಬಿಯನ್ನು ಚೆನ್ನೆಮಣೆ ಎಂದೂ ಕಿಂಡಿಗಳನ್ನು ಮನೆ ಎಂದೂ ಕರೆಯುತ್ತಿದ್ದರು. ಮೊದಲ ಮನೆ ಬರೀ ಬೆಳಕು. ಎರಡನೆಯದಕ್ಕೆ ಕಾರಿನ ಗಾಜಿಗೆ ಅಂಟಿಸುವ ಕಪ್ಪು ಫಿಲ್ಮಿನ ಒಂದು ಪದರ, ಮೂರನೆಯದಕ್ಕೆ ಎರಡು, ಹೀಗೆ ಹದಿನಾಲ್ಕನೆಯದಕ್ಕೆ ಹದಿಮೂರು. ಒಂದೊಂದು ಪದರವೂ ಬೆಳಕನ್ನು ಅರ್ಧ ಮಾಡುತ್ತದೆ. ಶಹಾಡಿನಲ್ಲಿ ಕಾರುಗಳಿಗೆ ಫಿಲ್ಮ್ ಹಚ್ಚುವ ಅಂಗಡಿಯ ಕಸದ ಮೂಲೆಯಿಂದ ತುಂಡುಗಳನ್ನು ಆರಿಸಿ ತಂದು, ಅರ್ಧ ಎಂದು ಬರೆದದ್ದರಲ್ಲಿ ನಿಜವಾಗಿ ಅರ್ಧ ಬಿಡುವುದು ಯಾವುದೆಂದು ಲೈಟ್ ಮೀಟರಿನಲ್ಲಿ ಅಳೆದು, ಸರಿ ಬಾರದ್ದನ್ನೆಲ್ಲ ಎಸೆದಿದ್ದರು. ಇಷ್ಟಕ್ಕೇ ಎರಡು ತಿಂಗಳು ಹಿಡಿಯಿತಂತೆ.

ಹಳೆಯ ಕ್ಯಾಮೆರಾ ಕೊಳ್ಳುವ ಮೊದಲು ಮದುವೆ ಫೋಟೋದವರು ಅದನ್ನು ಮಾಮನ ಹತ್ತಿರ ತರುತ್ತಿದ್ದರು. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಡಬ್ಬಿ ಹೊತ್ತಿಸಿ, ಮೊದಲ ಮನೆ ಇನ್ನೇನು ಉಕ್ಕಬೇಕು ಅನ್ನುವಲ್ಲಿಗೆ ಬೆಳಕು ನಿಲ್ಲಿಸಿ ಒಂದು ಚಿತ್ರ. ಅದರ ಏನೂ ತಿದ್ದದ ರಾ ಫೈಲನ್ನು ಕಂಪ್ಯೂಟರಿಗೆ ಹಾಕಿ, ನೆರಳನ್ನು ಎತ್ತಿ ಎಣಿಸುವುದು. ಒಂದು, ಎರಡು, ಮೂರು. ಒಂಬತ್ತು ಹತ್ತಕ್ಕೆ ಬರುವಾಗ ಕಪ್ಪಿನಲ್ಲಿ ಕಾಳು ಕಾಳು ಏಳುತ್ತದೆ. ಮಾಮ ಅದಕ್ಕೆ ರವೆ ಎನ್ನುತ್ತಿದ್ದರು. ಆ ರವೆಯಲ್ಲಿ ಮನೆಯ ಅಂಚು ಮುಳುಗಿಹೋಗುವಲ್ಲಿಗೆ ಎಣಿಕೆ ಮುಗಿಯಿತು. ಕಂಪನಿಯವರು ಹದಿನಾಲ್ಕು ಅಂದದ್ದು ಇಲ್ಲಿ ಹನ್ನೊಂದಾಗುತ್ತಿತ್ತು. ಮಂಕು ಬೆಳಕಿಗೆಂದು ಐಎಸ್‌ಒ ಏರಿಸಿ ತೆಗೆದರೆ ಎಂಟೋ ಒಂಬತ್ತೋ. ಕಂಪ್ಯೂಟರ್ ಕೊಡುವ ಅಂಕಿಯನ್ನೂ ನೋಡುತ್ತಿದ್ದರು, ಆದರೆ ಕೊನೆಯ ಮಾತು ಕಣ್ಣಿನದು. "ಫೋಟೋ ನೋಡುವ ಅಜ್ಜಿಯ ಕೈಯಲ್ಲಿ ಕಂಪ್ಯೂಟರ್ ಇರುದಿಲ್ಲ" ಎನ್ನುತ್ತಿದ್ದರು.

ನಾನು ಅವಸರದವಳು, ಸ್ವಲ್ಪ ಕಂಡರೆ ಸಾಕು, ಇದೆ ಎಂದು ಮುಂದಿನ ಮನೆಗೆ ಹಾರುತ್ತಿದ್ದೆ. ಅವರು ಬಿಡುತ್ತಿರಲಿಲ್ಲ. "ಕಂಡಿತಾ, ಕಂಡ ಹಾಗೆ ಆಯ್ತಾ? ಅನುಮಾನ ಬಂದ ಮನೆ ಲೆಕ್ಕಕ್ಕಿಲ್ಲ" ಎಂದು ಹಿಂದಕ್ಕೆ ಎಳೆಯುತ್ತಿದ್ದರು. ಹೀಗೆ ಎಣಿಸಿದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾದ ಪಟ್ಟಿಗೆ ಕಟ್ಟುತ್ತಿದ್ದರು. ಮಾರುವವರು ಮುನಿಸಿಕೊಂಡರೂ ಚೀಟಿಯ ಸಂಖ್ಯೆ ಬದಲಾಗುತ್ತಿರಲಿಲ್ಲ. ನವಿ ಮುಂಬಯಿಯಿಂದಲೂ ಜನ ಬರುತ್ತಿದ್ದರು, ಚೀಟಿ ನೋಡಿ ಮರುಮಾತಿಲ್ಲದೆ ಕೊಳ್ಳುತ್ತಿದ್ದರು. ಆ ನಂಬಿಕೆ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಐದನೇ ವರ್ಷದ ದೀಪಾವಳಿಯ ಹೊತ್ತಿಗೆ ಸಣ್ಣ ಸಣ್ಣ ಸಂಗತಿಗಳು ಕಣ್ಣಿಗೆ ಬಿದ್ದವು. ಮಾಮ ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ಗಲ್ಲೆಯ ಎಡಕ್ಕೆ ಇಟ್ಟ ಚಹಾ ಎರಡು ಸಲ ಚೆಲ್ಲಿತು. ಕಪ್ಪು ಮೇಜಿನ ಮೇಲೆ ಕಪ್ಪು ಮೆಮೊರಿ ಕಾರ್ಡನ್ನು ಅಂಗೈಯಿಂದ ಸವರಿ ಹುಡುಕುತ್ತಿದ್ದರು. ಸ್ಕ್ರೀನ್ ಹಾಳಾಗಿದೆ ಎಂದು ಹೊಸದು ತರಿಸಿದರು. ಹೊಸದೂ ಸರಿಯಿಲ್ಲ ಎಂದು ಬೈದರು. ನಾನು ಕಂಡೂ ಕಾಣದವಳಂತೆ ಇದ್ದೆ. ಬೆಳಕಿನ ವಿಷಯದಲ್ಲಿ ಅವರಿಗೆ ನಾನು ಏನನ್ನಾದರೂ ಹೇಳುವುದೆಂದರೆ ನಾಲಿಗೆ ಏಳುತ್ತಿರಲಿಲ್ಲ. ವಯಸ್ಸಾಯಿತು, ಕನ್ನಡಕದ ನಂಬರ್ ಬದಲಾಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಟಿಟ್ವಾಳಾದ ಒಬ್ಬ ಫೋಟೋಗ್ರಾಫರ್ ಬಂದ. ಹಿಂದಿನ ತಿಂಗಳು ಮಾಮನ ಚೀಟಿ ನೋಡಿ ಕ್ಯಾಮೆರಾ ಕೊಂಡಿದ್ದ. ಚೀಟಿಯಲ್ಲಿ ಹನ್ನೊಂದು ಎಂದಿತ್ತು. ಗಲಾಟೆ ಮಾಡುವವನಲ್ಲ, ಪಾಪ. ಒಂದು ಮದುವೆಯ ಫೋಟೋ ತೆರೆದು ತೋರಿಸಿದ. ಸಂಜೆಯ ಮಂಟಪದಲ್ಲಿ ಹುಡುಗಿಯ ತಂದೆ ಕಂಬದ ನೆರಳಿನಲ್ಲಿ ನಿಂತಿದ್ದರು. ಆ ನೆರಳನ್ನು ಎತ್ತಿದರೆ ಮುಖದ ಮೇಲೆಲ್ಲ ಅಡ್ಡಗೆರೆ, ರವೆ. "ಕಾಕಾ, ಯೇ ಗ್ಯಾರಾ ಕೈಸೆ ಹೈ?" ಇದು ಹನ್ನೊಂದು ಹೇಗೆ ಎಂದು ಮೆಲ್ಲಗೆ ಕೇಳಿದ. ಮಾಮ ನೋಡಿದರು. "ಗೆರೆ ಎಲ್ಲುಂಟು?" ಅಂದರು. ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನಿಮ್ಮ ಲೆನ್ಸಿನ ದೋಷವಿರಬೇಕು ಎಂದು ಮಾಮ ಹೇಳಿ ಕಳಿಸಿದರು. ನಮಸ್ಕಾರ ಮಾಡಿ ಹೋದ. ಆ ಕ್ಯಾಮೆರಾವನ್ನೇ ನಂಬಿಕೊಂಡು ಅವನ ಮನೆ ನಡೆಯಬೇಕಿತ್ತು.

ಮರುದಿನ ಬೆಳಿಗ್ಗೆ ಒಂದು ಕೆಲಸ ಮಾಡಿದೆ, ಈಗಲೂ ನೆನೆದರೆ ಮೈ ಬಿಸಿಯಾಗುತ್ತದೆ. ಮಾಮ ಬರುವ ಮೊದಲು ಡಬ್ಬಿ ಬಿಚ್ಚಿ, ಒಂಬತ್ತನೇ ಮನೆಯ ಹಿಂದೆ ಕಪ್ಪು ಟೇಪ್ ಅಂಟಿಸಿದೆ. ನಾನೇ ಒಂದು ಚಿತ್ರ ತೆಗೆದು ನೋಡಿದೆ; ಎಂಟು ಮನೆ ಸಾಲಾಗಿ ಬೆಳಗಿ, ಒಂಬತ್ತು ಇಡಿಯಾಗಿ ಕಪ್ಪಾಗಿ, ಹತ್ತು ಮತ್ತೆ ಮಂಕಾಗಿ ಕಾಣುತ್ತಿತ್ತು. ಹಲ್ಲು ಬಿದ್ದ ಬಾಯಿಯ ಹಾಗೆ. ಕಣ್ಣಿದ್ದವರು ಯಾರೂ ಅದನ್ನು ದಾಟಿ ಹೋಗುವಂತಿರಲಿಲ್ಲ.

ಹನ್ನೊಂದು ಗಂಟೆಗೆ ಒಂದು ಕ್ಯಾಮೆರಾ ಬಂತು. ಮಾಮ ಎಂದಿನಂತೆ ಚಿತ್ರ ತೆಗೆದು, ಸ್ಕ್ರೀನಿನ ಮುಂದೆ ಕೂತು, ಪೆನ್ಸಿಲಿನ ತುದಿಯಿಂದ ತೋರಿಸುತ್ತ ಎಣಿಸಿದರು. "ಆರು. ಏಳು. ಎಂಟು. ಒಂಬತ್ತು. ಹತ್ತು. ಹನ್ನೊಂದು." ಎಲ್ಲಿಯೂ ತಡೆಯಲಿಲ್ಲ. ಚೀಟಿ ತೆಗೆದು ಹನ್ನೊಂದು ಎಂದು ಬರೆದರು.

ನಾನು ಚೀಟಿಯ ಮೇಲೆ ಕೈ ಇಟ್ಟೆ. "ಮಾಮಾ, ಒಂಬತ್ತನೇ ಮನಿ ಇಲ್ರೀ. ನಾ ಅದಕ್ಕ ಹಿಂದಿಂದ ಟೇಪ್ ಹಚ್ಚೇನಿ."

ಅವರು ಎದ್ದು ಕತ್ತಲೆ ಕೋಣೆಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಕೈ ಹಾಕಿ, ಟೇಪಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ದೀಪ ಆರಿಸಿದರು. ಹೊರಗೆ ಬಂದು ಕೂತು, ಬರೆದಿದ್ದ ಚೀಟಿಯನ್ನು ನಾಲ್ಕು ತುಂಡು ಮಾಡಿದರು. ಹೊರಗೆ ಇಸ್ತ್ರಿಯವನ ರೇಡಿಯೋ ಹಾಡುತ್ತಿತ್ತು. ಬೈಯಲಿ, ಅಂಗಡಿಯಿಂದ ಇಳಿದು ಹೋಗು ಅನ್ನಲಿ ಎಂದು ನಾನು ಕಾದೆ.

"ಎಷ್ಟು ಸಮಯದಿಂದ ಗೊತ್ತು ನಿನಗೆ?"

"ದೀಪಾವಳಿಯಿಂದ ಅನಸ್ತಿತ್ತು."

"ಮತ್ತೆ ಇಷ್ಟು ದಿನ ಬಾಯಲ್ಲಿ ಕಡುಬು ಇಟ್ಕೊಂಡಿದ್ದಿಯಾ?"

"ನಿಮಗ ನಾ ಹೆಂಗ ಹೇಳ್ಲಿ ಮಾಮಾ?"

"ಟೇಪ್ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ" ಅಂದರು. "ಇಷ್ಟು ತಡವಾಗಿ ಹಾಕಿದ್ದಕ್ಕೆ ಬೇಜಾರು. ಮೂರು ತಿಂಗಳು ನಾನು ಜನರಿಗೆ ಸುಳ್ಳು ಚೀಟಿ ಕಟ್ಟಿದೆ, ನೀನು ನೋಡ್ತಾ ನಿಂತೆ."

ಅವರು ಕೂತಲ್ಲಿಂದಲೇ ಟಿಟ್ವಾಳಾದವನಿಗೆ ಫೋನು ಹಚ್ಚಿ, ತಮ್ಮ ಮುರುಕು ಹಿಂದಿಯಲ್ಲಿ, ತಪ್ಪು ಲೆನ್ಸಿನದಲ್ಲ ನನ್ನದು, ಕ್ಯಾಮೆರಾ ತೆಗೆದುಕೊಂಡು ಬಾ, ಮಾರಿದವನ ಹತ್ತಿರ ನಾನೇ ಮಾತಾಡುತ್ತೇನೆ ಅಂದರು. ಆ ಮೂರು ತಿಂಗಳಲ್ಲಿ ಚೀಟಿ ಕಟ್ಟಿಸಿಕೊಂಡ ಒಬ್ಬೊಬ್ಬರಿಗೂ ಫೋನು ಹೋಯಿತು. ಅಷ್ಟು ಮುಗಿಸಿ ಶಟರ್ ಎಳೆದರು. ಒಂಬತ್ತು ದಿನ ಅಂಗಡಿ ತೆರೆಯಲಿಲ್ಲ. ನಾನು ದಿನವೂ ಆ ಮುಚ್ಚಿದ ಶಟರಿನ ಮುಂದೆ ಹಾದುಹೋಗುವಾಗ, ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ, ತಲೆ ತಗ್ಗಿಸಿ ಹೋಗುತ್ತಿದ್ದೆ. ಹತ್ತನೇ ದಿನ ಮಾಮಿ ಬಾಲ್ಕನಿಯಿಂದ ನನ್ನನ್ನು ಕರೆದರು. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಿದ್ಧವಾಗಿ ಕೂತಿದ್ದರು. "ಠಾಣೆಗೆ ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕು. ನೀನು ಬರ್ತೀಯಾ?"

ಲೋಕಲಿನಲ್ಲಿ ಹೇಗೋ ಕಿಟಕಿ ಪಕ್ಕ ಜಾಗ ಸಿಕ್ಕಿತು. ದಿವಾ ಸ್ಟೇಷನ್ ದಾಟಿದ ಮೇಲೆ ಮಾಮ ಹೊರಗೆ ನೋಡುತ್ತಲೇ ಹೇಳಿದರು: "ಸುಳ್ಳು ಹೇಳ್ತಾ ಇದ್ದೇನೆ ಅಂತ ನನಗೆ ಗೊತ್ತಾಗ್ಲೇ ಇಲ್ಲ ನೋಡು. ಮನೆ ಅಲ್ಲಿ ಉಂಟು ಅಂತ ಗೊತ್ತಿತ್ತಲ್ಲ, ನಾನೇ ಅಂಟಿಸಿದ್ದು. ಗೊತ್ತಿರುವುದನ್ನೇ ಕಂಡೆ ಅಂತ ತಿಳ್ಕೊಂಡೆ."

ಠಾಣೆಯ ಆಸ್ಪತ್ರೆಯಲ್ಲಿ ಅವರನ್ನು ಒಂದು ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಹೊಳೆಯುತ್ತದೆ, ಕೆಲವು ಜೋರು, ಕೆಲವು ತೀರ ಮಂಕು. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಸಿಸ್ಟರ್ ಮರಾಠಿಯಲ್ಲಿ, "ಆಜೋಬಾ, ದಿಸ್ಲಂ ತರಚ್ ದಾಬಾ" ಅಂದಳು, ಕಂಡರೆ ಮಾತ್ರ ಒತ್ತಿ ಎಂದು. ಮಾಮ ನಕ್ಕರು. ಆಕೆಗೆ ಅದರ ಅರ್ಥವಾಗಿರಲಿಕ್ಕಿಲ್ಲ. ನಾನು ಹಿಂದೆ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದೆ. ಗುಂಡಿಯ ಸದ್ದು ಸ್ವಲ್ಪ ಹೊತ್ತು ಬರುತ್ತಿತ್ತು, ನಿಲ್ಲುತ್ತಿತ್ತು. ನಿಂತ ಹೊತ್ತು ಬಹಳ ಉದ್ದವಾಗಿರುತ್ತಿತ್ತು. ಒತ್ತಿಬಿಡಿ ಮಾಮಾ, ಒಂದೆರಡು ಸುಮ್ಮನೆ ಒತ್ತಿಬಿಡಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅವರು ಒತ್ತಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡದಿಂದ ನರ ಸಾಯುತ್ತ ಬಂದಿದೆ ಅಂದಳು. ಎಡಗಣ್ಣಿನ ಅಂಚು ಹೆಚ್ಚುಕಡಿಮೆ ಹೋಗಿದೆ, ಬಲಗಣ್ಣಿನದೂ ಶುರುವಾಗಿದೆ. ಮಂಕು ಬೆಳಕು ತಿಳಿಯದಿರುವುದು ಅದರಿಂದಲೇ. ಹೋದದ್ದು ಬರುವುದಿಲ್ಲ. ಔಷಧದ ಹನಿಗಳನ್ನು ತಪ್ಪದೆ ಹಾಕಿದರೆ ಉಳಿದದ್ದು ಉಳಿಯಬಹುದು. ಇನ್ನೂ ಕೆಲವು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು. ನಾನು ಅತ್ತುಬಿಟ್ಟೆ. ಮಾಮ ಮಾತ್ರ ಯಂತ್ರ ಕೊಟ್ಟ ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದರು. ಒಂದು ದುಂಡನೆಯ ಚಿತ್ರ. ನಡುವೆ ಬಿಳಿ, ಅಂಚಿಗೆ ಬೂದು, ಎಡಕ್ಕೆ ಕಪ್ಪು. "ಸರಿಯಾಗಿ ಎಣಿಸಿದ್ದಾರೆ" ಅಂದರು. "ಅಳ್ಬೇಡ ಮಾರಾಯ್ತಿ. ಹೋದದ್ದು ಹೋಯ್ತು. ಇನ್ನು ಉಳಿದದ್ದಕ್ಕೆ ಬೆಳಕು ಹೊಂದಿಸಿ ಎಕ್ಸ್‌ಪೋಸ್ ಮಾಡುವ."

ಹಾಗೆಯೇ ಮಾಡಿದರು. ದಿನಕ್ಕೆ ಮೂರು ಸಲ ಫೋನಿನ ಅಲಾರಂ ಹೊಡೆದರೆ, ಗಿರಾಕಿ ಎದುರಿಗಿದ್ದರೂ ತಲೆ ಹಿಂದಕ್ಕೆ ಹಾಕಿ ಹನಿ ಬಿಟ್ಟುಕೊಳ್ಳುತ್ತಿದ್ದರು. ಎಣಿಸುವ ಕೆಲಸ ನನ್ನದಾಯಿತು. ಯಾರಾದರೂ ಚೀಟಿಗೆ ಬಂದರೆ, "ಅವಳನ್ನು ಕೇಳಿ, ನನ್ನ ಕಣ್ಣು ಫೇಲು" ಎಂದು ಎಲ್ಲರೆದುರು ಹೇಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಅವರಿಗೆ ಒಂದು ಚೂರೂ ಇಲ್ಲ. ನಾನು ಎಣಿಸುವಾಗ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ನನ್ನ ಧ್ವನಿಯನ್ನು ಕೇಳುತ್ತಿದ್ದರು. ಹತ್ತು ಎನ್ನುವಾಗ ನನ್ನ ಧ್ವನಿ ಸ್ವಲ್ಪ ಎಳೆದರೂ ಸಾಕು, "ಒಂಬತ್ತು ಬರಿ" ಎನ್ನುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ಅಪ್ಪ ನನ್ನ ಜೊತೆ ಮತ್ತೆ ಮಾತಾಡಲು ಶುರುಮಾಡಿದ್ದೂ ಅದೇ ಸುಮಾರಿಗೆ. ಅಪ್ಪನ ಆಫೀಸಿನ ಗೆಳೆಯರೊಬ್ಬರು ಕ್ಯಾಮೆರಾ ಕೊಳ್ಳುವಾಗ ನನ್ನ ಕೈಬರಹದ ಚೀಟಿ ತೋರಿಸಿದರಂತೆ.

ಹೀಗೆ ನಾಲ್ಕು ವರ್ಷ. ಹೋದ ಮಾರ್ಗಶಿರದಲ್ಲಿ ಒಂದು ಬೆಳಿಗ್ಗೆ ಮಾಮ ಏಳಲಿಲ್ಲ. ಹೃದಯ ನಿಂತಿತ್ತು, ನಿದ್ದೆಯಲ್ಲೇ.

ಎಲ್ಲ ಕಾರ್ಯ ಮುಗಿದು ಸ್ವಲ್ಪ ದಿನಕ್ಕೆ ಮಾಮಿಯನ್ನು ನೋಡಲು ಹೋದೆ. ಕಪಾಟಿನಿಂದ ಒಂದು ಸೀರೆ ತೆಗೆದು ತಂದರು. ಮಾಮ ಹೋಗುವ ಹಿಂದಿನ ಸಂಜೆ ಮಾಮಿ ಅದನ್ನೇ ಉಟ್ಟಿದ್ದರಂತೆ. ಮಾಮ ಸಂಜೆಯ ಹನಿ ಹಾಕಿಕೊಂಡು, ಐದು ನಿಮಿಷ ಕಣ್ಣು ಮುಚ್ಚಿ ಕೂತು, ತೆರೆದಾಗ ಎದುರಿಗೆ ಬಾಲ್ಕನಿಯ ಇಳಿಬಿಸಿಲಿನಲ್ಲಿ ಮಾಮಿ ನಿಂತಿದ್ದರು. "ನೀಲಿ ನಿನಗೆ ಚಂದ ಕಾಣ್ತದೆ" ಅಂದರಂತೆ. ಮಾಮಿ, ಇದು ಕಪ್ಪು ಸೀರೆ, ಹನ್ನೆರಡು ವರ್ಷದಿಂದ ಕಪ್ಪು ಅಂತಲೇ ಉಡುತ್ತಿದ್ದೇನೆ ಎಂದು ನಕ್ಕರಂತೆ. "ಅಲ್ಲ, ನೀಲಿ. ತುಂಬ ಕಡು ನೀಲಿ" ಎಂದು ಮಾಮ ಹಟ ಹಿಡಿದರಂತೆ.

"ನೀನೇ ಹೇಳು" ಎಂದು ಮಾಮಿ ಸೀರೆಯನ್ನು ನನ್ನ ಕೈಗೆ ಕೊಟ್ಟರು. ಒಳಗೆ ನೋಡಿದರೆ ಇದ್ದಿಲ ಕಪ್ಪು. ಬಾಲ್ಕನಿಗೆ ಒಯ್ದು ಒಂದು ಪದರ ಬಿಡಿಸಿ ಬಿಸಿಲಿಗೆ ಹಿಡಿದೆ. ಅವಸರ ಮಾಡದೆ, ತಿರುಗಿಸಿ ತಿರುಗಿಸಿ ನೋಡಿದೆ. ಎಳೆಗಳ ನಡುವೆ, ಯಾವ ಸಂಶಯಕ್ಕೂ ಎಡೆಯಿಲ್ಲದ ಹಾಗೆ, ನೀಲಿ ಇತ್ತು.

"ನೀಲೀನೇ ಐತ್ರೀ ಮಾಮಿ" ಅಂದೆ. ಮುಂದೆ ಏನೋ ಹೇಳಬೇಕಿತ್ತು, ಆ ಮೂರು ತಿಂಗಳ ಬಗ್ಗೆ, ಕ್ಷಮಿಸಿ ಅನ್ನುವಂಥದ್ದು. ಸೀರೆಯನ್ನು ಅವರತ್ತ ಚಾಚಿದೆ.

ಮಾಮಿ ಸೀರೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅಲ್ಲಿಯೇ ನಿಂತು, ಅಂಚಿಗೆ ಅಂಚು ಕೂಡಿಸಿ, ನನ್ನ ಕೈಯಲ್ಲಿದ್ದಂತೆಯೇ ಅದನ್ನು ಮಡಚಿದರು.

"ಇದು ನಿನಗೆ" ಅಂದರು. "ಅವರಿಗೆ ಇದು ಕಾಣುವಷ್ಟು ಕಣ್ಣು ಉಳಿದದ್ದು ನಿನ್ನಿಂದ."